ಒಂದು ಗಂಟೆಯ ದಾರಿ ತಾನೆ?

‘ಮಂಗಳೂರಿನಿಂದ ಫ್ಲೈಟ್ ಇದೆಯಲ್ಲ, ಒಂದು ಗಂಟೆಯ ದಾರಿ ತಾನೆ? ಬಂದುಬಿಡಿ.’

ಆ ಕಡೆಯಿಂದ ಎಚ್‌ಆರ್ ಮೇಡಂ ಹೀಗೆ ಹೇಳುವಾಗ ನಾನು ನಮ್ಮ ಮನೆಯ ಕೊಟ್ಟಿಗೆಯ ಪಕ್ಕ ಕೊಡೆ ಹಿಡಿದು ನಿಂತಿದ್ದೆ. ಮಳೆಗಾಲದಲ್ಲಿ ನಮಗೆ ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ. ಅವರ ದನಿಯಲ್ಲಿ ಅಸಡ್ಡೆ ಏನೂ ಇರಲಿಲ್ಲ. ಬಹುಶಃ ಎದುರಿನ ಕಂಪ್ಯೂಟರಿನಲ್ಲಿ ಎರಡು ಊರಿನ ಹೆಸರು ಹಾಕಿ ನೋಡಿದ್ದರು. ಯಾರು ಹುಡುಕಿದರೂ ಸಿಗುವ ಉತ್ತರ ಅದೇ: ಮಂಗಳೂರು–ಬೆಂಗಳೂರು, ವಿಮಾನದಲ್ಲಿ ಮುನ್ನೂರು ಚಿಲ್ಲರೆ ಕಿ.ಮೀ., ಸುಮಾರು ಒಂದು ಗಂಟೆ.

ಅದು 2019ರ ಆಗಸ್ಟ್. ಬೆಳ್ತಂಗಡಿ ತಾಲ್ಲೂಕಿನವರಿಗೆ ಆ ತಿಂಗಳು ಯಾವುದೆಂದು ಬಿಡಿಸಿ ಹೇಳಬೇಕಾಗಿಲ್ಲ. ಉಜಿರೆಯಿಂದ ಸ್ವಲ್ಪ ಒಳಗೆ ಇರುವ ನಮ್ಮ ಹಳ್ಳಿಯಲ್ಲಿ ತೋಡಿನ ನೀರು ಗದ್ದೆ ದಾಟಿ ತೋಟದ ಬುಡಕ್ಕೆ ಬಂದಿತ್ತು. ಚಾರ್ಮಾಡಿ ಘಾಟಿಯಲ್ಲಿ ಒಂದೆರಡು ಕಡೆಯಲ್ಲ, ಸಾಲು ಸಾಲಾಗಿ ಗುಡ್ಡ ಜರಿದು ರಸ್ತೆಯೇ ಕಾಣೆಯಾಗಿತ್ತು. ಶಿರಾಡಿಯೂ ಮುಚ್ಚಿತ್ತು. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂಬ ಮಾತು ಮಾತ್ರ ಪೇಟೆಯಲ್ಲಿ ಓಡಾಡುತ್ತಿತ್ತು. ಸುಬ್ರಹ್ಮಣ್ಯ–ಸಕಲೇಶಪುರ ನಡುವೆ ಹಳಿಯ ಮೇಲೆ ಮಣ್ಣು ಬಿದ್ದು ರೈಲು ನಿಂತಿತ್ತು. ಅಂದರೆ ನಮ್ಮೂರಿನಿಂದ ರಾಜಧಾನಿಗೆ ಹೋಗುವ ಮಾಮೂಲಿ ಬಾಗಿಲುಗಳೆಲ್ಲ ಒಂದೇ ವಾರದಲ್ಲಿ ಹಾಕಿಕೊಂಡಿದ್ದವು.

ಬಿ.ಕಾಂ. ಮುಗಿಸಿ ವರ್ಷವಾಗಿತ್ತು. ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಯ ಅಕೌಂಟ್ಸ್ ವಿಭಾಗದ ಕೆಲಸಕ್ಕೆ ಆನ್‌ಲೈನ್ ಪರೀಕ್ಷೆ ಬರೆದು, ಫೋನಿನಲ್ಲಿ ಮೊದಲ ಸುತ್ತು ದಾಟಿ, ಕೊನೆಯ ಸಂದರ್ಶನಕ್ಕೆ ಕರೆ ಬಂದಿತ್ತು. ದಿನಾಂಕ ಮುಂದೆ ಹಾಕಬಹುದೇ ಎಂದು ಕೇಳಲು ನಾನೇ ಫೋನ್ ಮಾಡಿದ್ದು. ಆ ಪ್ಯಾನೆಲ್ ಮತ್ತೆ ಕೂರುವುದಿಲ್ಲ ಎಂದು ಉತ್ತರ ಬಂತು. ಅದರ ಹಿಂದೆಯೇ ಈ ‘ಒಂದು ಗಂಟೆ’. ನಾನೂ ‘ಸರಿ ಮೇಡಂ’ ಎಂದುಬಿಟ್ಟೆ. ಮನೆಯ ಅಂಗಳದಿಂದ ವಿಮಾನ ಹಾರುವುದಿಲ್ಲ ಎಂದು ಹೇಳುವ ಧೈರ್ಯ, ಕೆಲಸ ಹುಡುಕುವ ವಯಸ್ಸಿನಲ್ಲಿ ಯಾರಿಗೆ ಇರುತ್ತದೆ?

ಉಜಿರೆಯ ಟ್ರಾವೆಲ್ಸ್ ಅಂಗಡಿಯಲ್ಲಿ ಕೇಳಿದರೆ ಟಿಕೆಟ್ ₹5,640. ನಮ್ಮಂತೆಯೇ ಘಾಟಿಯ ಈಚೆ ಸಿಕ್ಕಿಬಿದ್ದವರೆಲ್ಲ ವಿಮಾನಕ್ಕೆ ಮುಗಿಬಿದ್ದಿದ್ದರು. ರಾತ್ರಿ ಬಸ್ಸಿನ ಟಿಕೆಟ್‌ಗೆ ಹೋಲಿಸಿದರೆ ಹತ್ತು ಪಟ್ಟು. ಅಪ್ಪ ಆ ಸಂಖ್ಯೆ ಕೇಳಿ ಒಂದು ಕ್ಷಣ ಸುಮ್ಮನಿದ್ದು, ‘ಇಪ್ಪತ್ತು ಕಿಲೋಕ್ಕಿಂತ ಮೇಲೆ ಅಡಿಕೆ ಆಯ್ತಲ್ಲ ಮಾರಾಯ್ತಿ’ ಎಂದರು. ಅವರಿಗೆ ದೊಡ್ಡ ಮೊತ್ತಗಳೆಲ್ಲ ಅರ್ಥವಾಗುವುದು ಚಾಲಿ ಅಡಿಕೆಯ ತೂಕದಲ್ಲಿ. ಆಮೇಲೆ ಒಳಗೆ ಹೋಗಿ ಒಂದು ಲಕೋಟೆ ತಂದು ಕೊಟ್ಟರು. ಅದು ಯಾವ ಹಣ ಎಂದು ನನಗೆ ಗೊತ್ತಿತ್ತು. ಮಳೆ ಸ್ವಲ್ಪ ಬಿಟ್ಟ ಕೂಡಲೇ ಎರಡನೇ ಸಲ ಮದ್ದು ಬಿಡಬೇಕಿತ್ತು. ಮೈಲುತುತ್ತು, ಸುಣ್ಣ, ಮರ ಹತ್ತುವವರ ಸಂಬಳ ಎಂದು ತೆಗೆದಿಟ್ಟದ್ದು. ಇಂಥ ಮಳೆಯಲ್ಲಿ ಅಡಿಕೆಗೆ ಕೊಳೆರೋಗ ಹಿಡಿಯಲು ಹೆಚ್ಚು ದಿನ ಬೇಡ.

‘ಮದ್ದು?’ ಎಂದೆ.

‘ಮಳೆ ನಿಂತರಲ್ವಾ ಮದ್ದು ಬಿಡುವುದು? ಇದು ನಿಲ್ಲುವ ಮಳೆಯ ಹಾಗೆ ಕಾಣ್ತದಾ ನಿನಗೆ?’ ಎಂದರು.

ಹೊರಡುವ ಹಿಂದಿನ ರಾತ್ರಿ ನಿದ್ದೆ ಬಾರದೆ ಫೋನಿನಲ್ಲಿ ನಕ್ಷೆ ತೆರೆದು ಕುಳಿತೆ. ಬ್ಯಾಂಕ್ ಪರೀಕ್ಷೆಗೆ ಓದುವವರಿಗೆ ‘ವೇಗ, ಕಾಲ, ದೂರ’ದ ಅಧ್ಯಾಯ ಬಾಯಿಪಾಠ. ಕಂಬ ದಾಟುವ ರೈಲು, ಎದುರುಬದುರಾಗುವ ಕಾರು ಎಲ್ಲ ಬಿಡಿಸಿ ಬಿಡಿಸಿ ಕೈ ಪಳಗಿತ್ತು. ಹಾಗಾಗಿ ಲೆಕ್ಕ ತಾನಾಗಿಯೇ ಶುರುವಾಯಿತು. ಬಜ್ಪೆಯ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ನಿಲ್ದಾಣಕ್ಕೆ ನೇರ ದೂರ ಹೆಚ್ಚುಕಡಿಮೆ 306 ಕಿ.ಮೀ. ಈ ‘ನೇರ’ ಎಂದರೆ ಭೂಮಿಯ ಉಬ್ಬನ್ನೂ ಲೆಕ್ಕಕ್ಕೆ ತೆಗೆದುಕೊಂಡು ಎರಡು ಬಿಂದುಗಳ ನಡುವೆ ಎಳೆಯಬಹುದಾದ ಅತಿ ಚಿಕ್ಕ ಗೆರೆ. ಪೈಲಟ್‌ಗಳಾದರೆ 165 ನಾಟಿಕಲ್ ಮೈಲು ಎನ್ನುತ್ತಾರೆ. ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ಜೆಟ್ ವಿಮಾನ ಮೇಲೇರಿದ ಮೇಲೆ ಗಂಟೆಗೆ 800 ಕಿ.ಮೀ.ಗೂ ಹೆಚ್ಚು ವೇಗದಲ್ಲಿ ಹೋಗುತ್ತದೆ. ಸೂತ್ರಕ್ಕೆ ಹಾಕಿದರೆ ಇಪ್ಪತ್ತಮೂರು ನಿಮಿಷವೂ ಆಗುವುದಿಲ್ಲ! ರೆಕ್ಕೆಯ ಮೇಲೆ ಫ್ಯಾನು ತಿರುಗುವ ಎಟಿಆರ್ ವಿಮಾನವಾದರೂ, ಗಂಟೆಗೆ ಸುಮಾರು 500 ಕಿ.ಮೀ. ಎಂದಿಟ್ಟುಕೊಂಡರೆ, ಮೂವತ್ತೇಳು ನಿಮಿಷ. ಹಾಗಾದರೆ ಟಿಕೆಟ್ಟಿನಲ್ಲಿ ಒಂದು ಗಂಟೆ ಎಂದು ಯಾಕೆ ಬರೆದಿರುತ್ತಾರೆ?

ಆ ನಕ್ಷೆ ಇನ್ನೊಂದು ವಿಷಯವನ್ನೂ ತೋರಿಸಿತು. ಬಜ್ಪೆಯಿಂದ ದೇವನಹಳ್ಳಿಗೆ ಎಳೆದ ಗೆರೆ ಹೆಚ್ಚುಕಡಿಮೆ ಉಜಿರೆಯ ಮೇಲೆಯೇ ಹಾದುಹೋಗುತ್ತದೆ. ಅಂದರೆ ಬೆಂಗಳೂರಿಗೆ ಹೋಗಬೇಕಾದ ನಾನು ಮೊದಲು ಬೆಂಗಳೂರಿಗೆ ಬೆನ್ನು ಹಾಕಿ ಪಶ್ಚಿಮಕ್ಕೆ ಎಪ್ಪತ್ತು ಕಿ.ಮೀ. ಹೋಗಿ, ಅಲ್ಲಿಂದ ಹಾರಿ, ಮತ್ತೆ ನಮ್ಮ ಮನೆಯ ತಲೆಯ ಮೇಲೆಯೇ ಬಂದು ಮುಂದೆ ಹೋಗಬೇಕು. ಇದನ್ನು ಅಪ್ಪನಿಗೆ ತೋರಿಸಿದಾಗ ಅವರು ಕನ್ನಡಕ ಹಾಕಿಕೊಂಡು ಗೆರೆಯನ್ನು ಬೆರಳಿನಿಂದ ಸವರಿ ನೋಡಿದರು. ವಿಮಾನ 7.10ಕ್ಕೆ ಎಂದೂ, ಹಾರಿದ ಹತ್ತು ನಿಮಿಷಕ್ಕೆ ಇಲ್ಲಿಗೆ ಬರಬಹುದೆಂದೂ ಹೇಳಿದೆ. ‘ಹಾಗಾದ್ರೆ ಏಳೂ ಇಪ್ಪತ್ತಕ್ಕೆ ನಾನು ಹೊರಗೆ ಬಂದು ನಿಲ್ತೇನೆ. ಮೋಡದಲ್ಲಿ ಕಾಣುವುದಿಲ್ಲ, ಶಬ್ದ ಆದ್ರೂ ಕೇಳ್ತದಲ್ಲ’ ಎಂದರು.

ನಸುಕಿನ 2.45ಕ್ಕೆ ಮನೆ ಬಿಟ್ಟೆವು. ಪಕ್ಕದ ಮನೆಯ ಅಣ್ಣ ಡೀಸೆಲ್ ಖರ್ಚು ಮಾತ್ರ ತೆಗೆದುಕೊಂಡು ಜೀಪು ಹೊರಡಿಸಿದ್ದರು. ಬಂಟ್ವಾಳದ ಕಡೆ ನೇತ್ರಾವತಿ ಯಾವಾಗ ರಸ್ತೆಗೆ ಬರುತ್ತದೋ ಎಂಬ ಹೆದರಿಕೆಗೆ, ಗುರುವಾಯನಕೆರೆಯಿಂದ ತಿರುಗಿ ವೇಣೂರು, ಮೂಡುಬಿದಿರೆ, ಕೈಕಂಬದ ಮೇಲೆ ಹೋದೆವು. ಎರಡು ಕಡೆ ಬಿದ್ದ ಮರ ಬಳಸಿಕೊಂಡು, ಒಂದು ಕಡೆ ನೀರಿನ ಆಳ ನೋಡಲು ಅಣ್ಣ ಇಳಿದು ನಡೆದು, ಬಜ್ಪೆ ಮುಟ್ಟುವಾಗ ಐದು ಗಂಟೆ. ವಿಮಾನ ಹೊರಡಲು ಇನ್ನೂ ಎರಡು ಗಂಟೆಗೂ ಹೆಚ್ಚು ಹೊತ್ತಿತ್ತು. ಆದರೆ ಮಳೆಯಲ್ಲಿ ಯಾವ ಧೈರ್ಯಕ್ಕೆ ತಡವಾಗಿ ಹೊರಡುವುದು? ಕೌಂಟರ್ ಮುಚ್ಚಿದ ಮೇಲೆ ಬಂದವರ ಅಳು ಯಾರೂ ಕೇಳುವುದಿಲ್ಲ ಎಂದು ಟ್ರಾವೆಲ್ಸ್‌ನವರು ಮೊದಲೇ ಹೆದರಿಸಿದ್ದರು.

ಮೊದಲ ಸಲ ವಿಮಾನ ಹತ್ತುವವಳ ಪೆಚ್ಚುತನಗಳನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಭರಣಿಯನ್ನು ಭದ್ರತಾ ತಪಾಸಣೆಯಲ್ಲಿ ತೆಗೆದಿಟ್ಟರು ಎಂಬಲ್ಲಿಗೆ ನಿಲ್ಲಿಸುತ್ತೇನೆ.

7.10 ಆಯಿತು. ವಿಮಾನವೇ ಬಂದಿರಲಿಲ್ಲ. ಬಜ್ಪೆಯದು ಗುಡ್ಡದ ತಲೆ ಸಮ ಮಾಡಿ ಕಟ್ಟಿದ ಟೇಬಲ್‌ಟಾಪ್ ನಿಲ್ದಾಣ. 2006ರಲ್ಲಿ ಶುರುವಾದ ದೊಡ್ಡ ರನ್‌ವೇ ಕೂಡ 2,450 ಮೀಟರ್ ಉದ್ದದ್ದು. ಅದರ ಆಚೆ ಕಣಿವೆ. ಮಳೆ ಮೋಡ ರನ್‌ವೇ ಮೇಲೆ ಕೂತರೆ, ಪೈಲಟ್‌ಗೆ ನಿಗದಿಯಷ್ಟು ದೂರ ಕಣ್ಣಿಗೆ ಕಾಣುವ ತನಕ ಇಳಿಯುವ ಹಾಗಿಲ್ಲ. ನಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಮೇಲೆ ಸುತ್ತು ಹಾಕುತ್ತಿದೆ ಎಂದು ಯಾರೋ ಹೇಳಿದರು. ಒಬ್ಬರು ಹಿರಿಯರು ಎದ್ದು ಗಾಜಿನ ಹತ್ತಿರ ಹೋಗಿ ಆಕಾಶ ನೋಡಿ ಬಂದರು, ಬಸ್‌ಸ್ಟ್ಯಾಂಡಿನಲ್ಲಿ ರಸ್ತೆಗೆ ಇಳಿದು ಬಸ್ಸು ಬಂತಾ ಎಂದು ನೋಡುವ ಹಾಗೆ. 7.40ಕ್ಕೆ ಮೋಡ ಸ್ವಲ್ಪ ಹರಿದು ವಿಮಾನ ಇಳಿಯಿತು. ನಾವು ಹತ್ತಿ ನೆಲ ಬಿಟ್ಟಾಗ 8.15.

ಒಂದು ಗಂಟೆಯ ಗುಟ್ಟು ಆಮೇಲೆ ಓದಿ, ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದು. ವೇಳಾಪಟ್ಟಿಯಲ್ಲಿ ಕೊಡುವ ಹೊತ್ತು ಗಾಳಿಯಲ್ಲಿ ಹಾರುವ ಹೊತ್ತು ಮಾತ್ರ ಅಲ್ಲ. ನಿಂತ ಜಾಗದಿಂದ ವಿಮಾನ ಕದಲಿದಲ್ಲಿಂದ ಹಿಡಿದು ಇನ್ನೊಂದು ಊರಿನಲ್ಲಿ ಚಕ್ರಕ್ಕೆ ಅಡ್ಡಗಟ್ಟೆ ಇಡುವವರೆಗೆ ಎಲ್ಲವೂ ಅದರೊಳಗೆ ಸೇರಿದೆ. ರನ್‌ವೇ ತುದಿಗೆ ಉರುಳಿಕೊಂಡು ಹೋಗುವುದು, ಸರದಿ ಕಾಯುವುದು, ಏರುವಾಗಿನ ಕಡಿಮೆ ವೇಗ, ಇಳಿಯುವಾಗಿನ ಇನ್ನೂ ಕಡಿಮೆ ವೇಗ ಎಲ್ಲ. ಮುನ್ನೂರು ಕಿ.ಮೀ.ನಂಥ ಸಣ್ಣ ದೂರದಲ್ಲಿ ವಿಮಾನ ಏರಿ ಸುಧಾರಿಸಿಕೊಳ್ಳುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಗಂಟೆಗೆ 800 ಕಿ.ಮೀ. ಎಂಬ ಪೂರ್ತಿ ವೇಗದಲ್ಲಿ ಅದು ಓಡುವುದು ಕೆಲವೇ ನಿಮಿಷ.

ಅದಕ್ಕಿಂತ ನನಗೆ ಸ್ವಾರಸ್ಯ ಅನ್ನಿಸಿದ್ದು ಗಾಳಿಯ ವಿಚಾರ. ವಿಮಾನ ಏರುವುದೂ ಇಳಿಯುವುದೂ ಆದಷ್ಟು ಎದುರು ಗಾಳಿಗೆ ಮುಖ ಮಾಡಿ. ಮಳೆಗಾಲದಲ್ಲಿ ನಮ್ಮ ಗಾಳಿ ಕಡಲಿನಿಂದ, ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಪೂರ್ವಕ್ಕೆ ಹೋಗಬೇಕಾದ ನಮ್ಮ ವಿಮಾನ ಮೊದಲು ಏರಿದ್ದು ಕಡಲಿನ ಕಡೆಗೆ. ಕಿಟಕಿಯಲ್ಲಿ ಕೆಸರು ಬಣ್ಣದ ನೀರು ಕಂಡು, ಬಳಿಕ ರೆಕ್ಕೆ ವಾಲಿಸಿ ತಿರುಗಿ ಘಟ್ಟದತ್ತ ಹೊರಟಿತು. ಬೆಂಗಳೂರಿನಲ್ಲೂ ಅದೇ ಕಥೆ. ದೇವನಹಳ್ಳಿಯ ರನ್‌ವೇ ಪೂರ್ವ–ಪಶ್ಚಿಮವಾಗಿ ಮಲಗಿದೆ. ಪಶ್ಚಿಮದಿಂದ ಬಂದವರು, ಪಶ್ಚಿಮದ ಗಾಳಿಯಿದ್ದರೆ, ನಿಲ್ದಾಣವನ್ನು ದಾಟಿ ಪೂರ್ವಕ್ಕೆ ಹೋಗಿ, ಹಿಂದಿರುಗಿ ಬಂದು ಇಳಿಯಬೇಕು. ಅವತ್ತು ಒಂದೇ ಕೆರೆಯನ್ನು ಎರಡು ಸಲ ನೋಡಿದ ಹಾಗೆ ನನಗೆ ಅನ್ನಿಸಿದ್ದು ಸುಮ್ಮನೆ ಅಲ್ಲ. ನಾನು ಮನೆಯಿಂದ ಉಲ್ಟಾ ದಿಕ್ಕಿಗೆ ಹೋಗಿ ಬಂದ ಹಾಗೆಯೇ ವಿಮಾನವೂ ಎರಡೆರಡು ಸಲ ಉಲ್ಟಾ ಹೋಗಿತ್ತು.

ದೂರ ಕಡಿಮೆ ಇದ್ದ ಮಾತ್ರಕ್ಕೆ ಹೊತ್ತೂ ಕಡಿಮೆ ಎಂದೇನೂ ಇಲ್ಲ ಎನ್ನುವುದಕ್ಕೆ ದೊಡ್ಡ ಉದಾಹರಣೆಯೊಂದು ಆಮೇಲೆ ಸಿಕ್ಕಿತು. ದೆಹಲಿಯಿಂದ ಸ್ಯಾನ್‌ಫ್ರಾನ್ಸಿಸ್ಕೊಗೆ ಅಟ್ಲಾಂಟಿಕ್ ಮೇಲೆ ಹೋಗುತ್ತಿದ್ದ ಏರ್ ಇಂಡಿಯಾ ವಿಮಾನ, 2016ರ ಅಕ್ಟೋಬರಿನಲ್ಲಿ ಪೆಸಿಫಿಕ್ ಮೇಲಿನ ದಾರಿ ಹಿಡಿಯಿತು. ಆ ದಾರಿ ಸುಮಾರು 15,300 ಕಿ.ಮೀ.; ಹಳೆಯ ದಾರಿಗಿಂತ ಸಾವಿರಕ್ಕೂ ಹೆಚ್ಚು ಕಿ.ಮೀ. ಉದ್ದ. ಆದರೂ ಹದಿನಾಲ್ಕೂವರೆ ಗಂಟೆಯಲ್ಲಿ, ಅಂದರೆ ಮೊದಲಿಗಿಂತ ಬೇಗ ಮುಟ್ಟಿತು. ಕಾರಣ, ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಮೇಲಿನ ಗಾಳಿ ಹಿಂದಿನಿಂದ ದೂಡುತ್ತಿತ್ತು. ಬ್ಯಾಂಕ್ ಪರೀಕ್ಷೆಯ ‘ಹೊಳೆಯ ದೋಣಿ’ ಲೆಕ್ಕವೇ ಇದು. ಹೊಳೆ ಮಾತ್ರ ಆಕಾಶದಲ್ಲಿದೆ.

ವಿಮಾನ ಏರಿದ ಎಂಟು–ಹತ್ತು ನಿಮಿಷಕ್ಕೆ ಮೂಗನ್ನು ಗಾಜಿಗೆ ಒತ್ತಿ ಕೆಳಗೆ ನೋಡಿದೆ. ಬಿಳಿ ಹತ್ತಿಯ ರಾಶಿ ಬಿಟ್ಟು ಏನೂ ಇರಲಿಲ್ಲ. ಎಲ್ಲೋ ಅದರ ಅಡಿಯಲ್ಲಿ ನಮ್ಮ ತೋಟ, ಕೊಟ್ಟಿಗೆ, ಅಂಗಳ. ಅಲ್ಲಿಂದ ಮುಂದೆ ಚಾರ್ಮಾಡಿಯ ಕುಸಿದ ತಿರುವುಗಳು. ಬಸ್ಸಿನಲ್ಲಾದರೆ ತಲೆ ತಿರುಗಿ ವಾಂತಿ ಬರುವ ಆ ಘಾಟಿಯನ್ನು ಎಷ್ಟು ಹೊತ್ತಿಗೆ ದಾಟಿದೆವು ಎಂದೇ ತಿಳಿಯಲಿಲ್ಲ. ಅಷ್ಟು ಜನರನ್ನು ದಿನಗಟ್ಟಲೆ ತಡೆದು ನಿಲ್ಲಿಸಿದ ಬೆಟ್ಟ ಮೇಲಿನಿಂದ ಇಲ್ಲವೇ ಇಲ್ಲ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ 55 ಕಿ.ಮೀ. ಹಳಿ ಹತ್ತಿಸಲು 57 ಸುರಂಗ ಕೊರೆಯಬೇಕಾಯಿತು ಎಂಬುದೂ ಅಲ್ಲಿ ಕೂತವರಿಗೆ ತೋರುವುದಿಲ್ಲ. ಬೆಂಗಳೂರಿನಲ್ಲಿ ಕುಳಿತು ‘ಒಂದು ಗಂಟೆ ತಾನೆ’ ಎನ್ನುವವರ ಮೇಲೆ ನನಗಿದ್ದ ಸಿಟ್ಟು ಅಲ್ಲಿ ಸ್ವಲ್ಪ ಇಳಿಯಿತು. ಮೇಲಿನಿಂದ ನೋಡಿದರೆ ನನಗೂ ಹಾಗೆಯೇ ಕಾಣುತ್ತಿತ್ತಲ್ಲ!

9.10ಕ್ಕೆ ನೆಲ ಮುಟ್ಟಿತು. ನಿಜವಾದ ಪ್ರಯಾಣ ಶುರುವಾದದ್ದು ಆಮೇಲೆ. ದೇವನಹಳ್ಳಿ ಇರುವುದು ನಗರದ ಉತ್ತರದಲ್ಲಿ, ಎಲೆಕ್ಟ್ರಾನಿಕ್ ಸಿಟಿ ದಕ್ಷಿಣದ ತುದಿಯಲ್ಲಿ. ನಡುವೆ 50 ಕಿ.ಮೀ.ಗೂ ಹೆಚ್ಚು ದೂರ ಮತ್ತು ಇಡೀ ಬೆಂಗಳೂರು. ಟ್ಯಾಕ್ಸಿಯ ದರ ನೋಡಿ ಫೋನು ಒಳಗಿಟ್ಟೆ. ವಾಯು ವಜ್ರ ಬಸ್ಸು 9.45ಕ್ಕೆ ಹೊರಟಿತು. ಹೆಬ್ಬಾಳದವರೆಗೆ ಹಾರಿದಂತೆ ಬಂದು, ಅಲ್ಲಿಂದ ತೆವಳಿತು. ಸಿಲ್ಕ್ ಬೋರ್ಡ್ ಬಳಿ ಇಪ್ಪತ್ತು ನಿಮಿಷ ಒಂದೇ ಜಾಹೀರಾತು ಫಲಕವನ್ನು ನೋಡುತ್ತ ನಿಂತೆವು. ಮಂಗಳೂರಿನಿಂದ ಬೆಂಗಳೂರಿಗೆ ಬರಲು ಹಿಡಿದದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಹೊತ್ತು ಬೆಂಗಳೂರಿನಿಂದ ಬೆಂಗಳೂರಿಗೆ ಬರಲು ಹಿಡಿಯಿತು. ಆಟೊ ಹಿಡಿದು ಆಫೀಸಿನ ಬಾಗಿಲಿಗೆ ಬಂದಾಗ 12.15. ಸಂದರ್ಶನ ಇದ್ದದ್ದು 11ಕ್ಕೆ.

ಮನೆಯಿಂದ ಒಟ್ಟು ಒಂಬತ್ತೂವರೆ ಗಂಟೆ. ಘಾಟಿ ತೆರೆದಿದ್ದರೆ ರಾತ್ರಿ ಹತ್ತಕ್ಕೆ ಉಜಿರೆಯಲ್ಲಿ ಬಸ್ಸು ಹತ್ತಿ, ಬೆಳಿಗ್ಗೆ ಐದೂವರೆಗೆ ಮೆಜೆಸ್ಟಿಕ್‌ನಲ್ಲಿ ಇಳಿದು, ಗೆಳತಿಯ ಪಿ.ಜಿ.ಯಲ್ಲಿ ಸ್ನಾನ ಮಾಡಿ, ದೋಸೆ ತಿಂದು, ಹೊತ್ತಿಗೆ ಮೊದಲೇ ಬಂದು ಕೂರುತ್ತಿದ್ದೆ.

ದಾರಿಯಿಂದಲೇ ಫೋನ್ ಮಾಡಿದ್ದರಿಂದ ನನ್ನನ್ನು ಕೊನೆಯವಳಾಗಿ ಕೂರಿಸಿದ್ದರು. ಎರಡೂವರೆಗೆ ಒಳಗೆ ಕರೆದರು. ಇಬ್ಬರಿದ್ದರು. ಅವರಲ್ಲಿ ಒಬ್ಬರು, ‘ಫ್ಲೈಟ್‌ನಲ್ಲಿ ಬಂದಿರಂತೆ, ಆದರೂ ಲೇಟಾ?’ ಎಂದು ನಗುತ್ತಲೇ ಕೇಳಿದರು. ನಾನು ಮೇಜಿನ ಮೇಲಿದ್ದ ಹಾಳೆಯಲ್ಲಿ ಬೆಳಗಿನ 2.45ರಿಂದ ಬರೆಯುತ್ತ ಹೋದೆ. ಜೀಪು ಇಷ್ಟು, ಕಾಯ್ದದ್ದು ಇಷ್ಟು, ಹಾರಿದ್ದು ಇಷ್ಟು, ಬಸ್ಸು ಇಷ್ಟು. ಒಂಬತ್ತೂವರೆ ಗಂಟೆಯಲ್ಲಿ ಗಾಳಿಯಲ್ಲಿದ್ದದ್ದು ಐವತ್ತೈದು ನಿಮಿಷ. ಅವರು ಹಾಳೆಯನ್ನು ತಿರುಗಿಸಿಕೊಂಡು ನೋಡಿ ‘ಓಹ್’ ಎಂದರು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಮುಂದಿನ ಪ್ರಶ್ನೆ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಮೇಲೆ ಬಂತು. ಕಾಲೇಜಿನಲ್ಲಿ ಬೇರೆಯವರಿಗೆ ಹೇಳಿಕೊಟ್ಟ ವಿಷಯ ಅದು. ನಿದ್ದೆಗೆಟ್ಟ ತಲೆ ಏನನ್ನೂ ಕೊಡಲಿಲ್ಲ. ತಡವರಿಸಿದೆ. ಹತ್ತು ದಿನದ ಮೇಲೆ ಇಮೇಲ್ ಬಂತು: ‘ವಿಷಾದಿಸುತ್ತೇವೆ’.

ಆ ಕೆಲಸ ತಪ್ಪಿದ್ದಕ್ಕೆ ಘಾಟಿಯನ್ನೋ ಮೋಡವನ್ನೋ ದೂರುವುದಿಲ್ಲ. ಹಿಂದಿನ ದಿನವೇ ಹೊರಡಬಹುದಿತ್ತು. ಆದರೆ ‘ಒಂದು ಗಂಟೆ’ ಎಂಬ ಮಾತನ್ನು ಎಚ್‌ಆರ್ ಮೇಡಂ ಮಾತ್ರವಲ್ಲ, ನಾನೂ ನಂಬಿದ್ದೆ. ಈಗ ಬೆಂಗಳೂರಿನಲ್ಲೇ ಇನ್ನೊಂದು ಕಡೆ ಕೆಲಸದಲ್ಲಿದ್ದೇನೆ. ಹೊಸಬರ ಸಂದರ್ಶನಕ್ಕೆ ದಿನ ಗೊತ್ತು ಮಾಡುವುದರಲ್ಲಿ ನನ್ನ ಕೈಯೂ ಇರುತ್ತದೆ. ಬೀದರ್‌ನವರೋ ಕಾರವಾರದವರೋ ಆದರೆ ‘ಮನೆಯಿಂದ ಎಷ್ಟು ಹೊತ್ತಿಗೆ ಹೊರಡಬೇಕಾಗುತ್ತದೆ?’ ಎಂದು ಕೇಳುತ್ತೇನೆ. ಕೇಳಿದ ಕೂಡಲೇ ಆ ಕಡೆ ಒಂದು ಕ್ಷಣ ಮೌನ. ಆಮೇಲೆ ನಿಜವಾದ ಉತ್ತರ ಬರುತ್ತದೆ: ‘ನಮ್ಮೂರಿಗೆ ಮೊದಲ ಬಸ್ಸು ಆರಕ್ಕೆ, ಮೇಡಂ.’ ಕೊರೊನಾ ನಂತರ ವಿಡಿಯೊ ಸಂದರ್ಶನ ಮಾಮೂಲಿಯಾಗಿದೆ. ಅದನ್ನು ಕೇಳಿ ಪಡೆಯಲು ನೀವೂ ನಾಚಬೇಡಿ. 2019ರಲ್ಲಿ ನನಗೆ ಕೇಳಬೇಕೆಂದೇ ಹೊಳೆದಿರಲಿಲ್ಲ.

ಅವತ್ತು ಮನೆಗೆ ಮರಳಲೂ ದಾರಿಯಿರಲಿಲ್ಲ. ಇನ್ನೊಂದು ವಿಮಾನ ಟಿಕೆಟ್‌ನ ಮಾತೇ ಇಲ್ಲ. ಶಿರಾಡಿಯಲ್ಲಿ ಬಸ್ಸು ಬಿಡುವವರೆಗೆ ಗೆಳತಿಯ ಪಿ.ಜಿ.ಯಲ್ಲಿ ಉಳಿದೆ. ಚಾರ್ಮಾಡಿ ತೆರೆಯಲು ತಿಂಗಳುಗಳೇ ಹಿಡಿದವು. ಆ ವರ್ಷ ನಮ್ಮ ತೋಟದಲ್ಲಿ ಕೊಳೆರೋಗಕ್ಕೆ ಅಡಿಕೆ ಉದುರಿದ್ದು ಸ್ವಲ್ಪವಲ್ಲ. ಎರಡನೇ ಮದ್ದು ಬಿಟ್ಟದ್ದು ತಡವಾಯಿತು. ಮಳೆ ಬಿಡದ್ದಕ್ಕೆ ತಡವಾಯಿತು ಎಂದೇ ಅಪ್ಪ ಇವತ್ತಿಗೂ ಹೇಳುವುದು. ಲಕೋಟೆಯ ವಿಷಯ ಅವರೂ ಎತ್ತಿಲ್ಲ, ನಾನೂ ಎತ್ತಿಲ್ಲ.

ಸಂದರ್ಶನದ ದಿನ ಸಂಜೆ ಪಿ.ಜಿ.ಯ ತಾರಸಿಯಿಂದ ಮನೆಗೆ ಫೋನ್ ಮಾಡಿದ್ದೆ. ಹೇಗಾಯಿತು ಎಂದು ಅಪ್ಪ ಕೇಳಲಿಲ್ಲ. ಅವರಿಗೆ ಹೇಳಬೇಕಾದದ್ದು ಬೇರೆ ಇತ್ತು.

‘ಸರೀ ಏಳೂ ಇಪ್ಪತ್ತಕ್ಕೆ ಹೋಯ್ತು ನೋಡು. ಅಂಗಳದಲ್ಲೇ ನಿಂತಿದ್ದೆ. ಮೋಡದ ಒಳಗಿಂದ ಚೆಂದಕ್ಕೆ ಕೇಳಿತು ಶಬ್ದ. ಅಮ್ಮನನ್ನೂ ಕರೆದು ಹೇಳಿದೆ, ಅಗೋ ಹೋದಳು ಅಂತ.’

ಏಳೂ ಇಪ್ಪತ್ತಕ್ಕೆ ನಾನು ಬಜ್ಪೆಯಲ್ಲಿ ಗಾಜಿನ ಈಚೆ ಕುರ್ಚಿಯಲ್ಲಿ ಕುಳಿತಿದ್ದೆ.

‘ಹೌದಪ್ಪ, ಸರಿಯಾಗಿ ಅದೇ ಹೊತ್ತಿಗೆ’ ಎಂದೆ.